ನಿಂತಾಗ ಚಾರ್ಜ್, ಓಡುವಾಗ ಡಿಸ್ಚಾರ್ಜ್: ಹಳೇ ಮಿಲಿಟರಿ ಟ್ರಕ್ಕಿನ ವೈರಿಂಗ್ ಸರಿಮಾಡಿದ್ದು

"ಮಿಸ್ತ್ರಿ, ಎಲ್ಲಾರೂ ಹನ್ನೆರಡು ವೋಲ್ಟ್ ಮಾಡ್ಸ್ರಿ ಅಂತಾರ. ನಮ್ಮಪ್ಪನ ಕಾಲದಾಗ ಆರರ ಮ್ಯಾಗ ಓಡ್ತಿತ್ತಲ್ಲ. ಈಗ್ಯಾಕ ಓಡೂದಿಲ್ಲ?"

ಅಣ್ಣಿಗೇರಿ ಹತ್ತಿರದ ಹಳ್ಳಿಯ ಗೌಡ್ರು ಹೋದ ವರ್ಷ ಶ್ರಾವಣದಲ್ಲಿ ನನ್ನ ವರ್ಕ್‌ಶಾಪಿಗೆ ಬಂದು ಕೇಳಿದ ಪ್ರಶ್ನೆ ಇದು. ನಾನು ಹುಬ್ಬಳ್ಳಿ ಗೋಕುಲ ರೋಡಿನಲ್ಲಿ ಆಟೋ ಎಲೆಕ್ಟ್ರಿಕಲ್ ಕೆಲಸ ಮಾಡುತ್ತೇನೆ. ದಿನವೂ ಬರುವುದು ಲಾರಿ, ಟ್ರ್ಯಾಕ್ಟರ್, ಟಂಟಂ. ಆರು ವೋಲ್ಟಿನ ಗಾಡಿ ಕೈಗೆ ಸಿಗುವುದು ಅಪರೂಪ. ಗೌಡ್ರ ಪ್ರಶ್ನೆ ಮಾತ್ರ ಸರಿಯಾಗಿಯೇ ಇತ್ತು. ಒಂದು ಕಾಲಕ್ಕೆ ಚೆನ್ನಾಗಿ ಓಡಿದ್ದು ಈಗ ಓಡುತ್ತಿಲ್ಲ ಅಂದರೆ ಏನೋ ಕೆಟ್ಟಿದೆ. ಕೆಟ್ಟದ್ದನ್ನು ಹುಡುಕುವುದು ಬಿಟ್ಟು ವೋಲ್ಟ್ ಏರಿಸುವುದು ರಿಪೇರಿ ಅಲ್ಲ, ಅಲ್ವಾ?

ಗಾಡಿ ಷೆವರ್ಲೆ ಸಿ15ಎ. ಎರಡನೇ ಮಹಾಯುದ್ಧದಲ್ಲಿ ಕೆನಡಾ ದೇಶ ಬ್ರಿಟಿಷ್ ಸೈನ್ಯದ ಅಳತೆಗೆ ಕಟ್ಟಿಕೊಟ್ಟ ಟ್ರಕ್ಕುಗಳ ಪೈಕಿ ಒಂದು. 15 ಅಂದರೆ 15 ಹಂಡ್ರೆಡ್‌ವೆಯ್ಟ್, ನಮ್ಮ ಲೆಕ್ಕದಲ್ಲಿ ಸುಮಾರು 760 ಕಿಲೋ ಹೇರು. ನಾಲ್ಕೂ ಗಾಲಿಗೆ ಎಳೆತ, ಬಲಗಡೆ ಸ್ಟೇರಿಂಗ್, ಆರು ಸಿಲಿಂಡರಿನ 216 ಕ್ಯೂಬಿಕ್ ಇಂಚಿನ ಪೆಟ್ರೋಲ್ ಎಂಜಿನ್. ಮುಂದಿನ ಗಾಜು ಮೇಲಿಂದ ಕೆಳಗೆ ಬರುತ್ತಾ ಒಳಕ್ಕೆ ವಾಲಿರುತ್ತದೆ. ಬಿಸಿಲು ಗಾಜಿಗೆ ಬಡಿದು ಮೇಲೆ ಹಾರುವ ವಿಮಾನಕ್ಕೆ ಹೊಳೆಯಬಾರದು ಅಂತ 1941ರ ಕೊನೆಯಿಂದ ಹೀಗೆ ಮಾಡಿದರು. ಯುದ್ಧ ಮುಗಿದ ಮೇಲೆ ಮಿಲಿಟರಿ ಡಿಸ್ಪೋಸಲ್‌ನಲ್ಲಿ ಇಂಥ ಗಾಡಿಗಳು ಊರೂರಿಗೆ ಹೋದವು. ಗೌಡ್ರ ತಂದೆ ಕೊಂಡ ಇದು ಎರೆ ಹೊಲದಿಂದ ಗದಗಿಗೆ ಹತ್ತಿ ಅಂಡಿಗೆ ಹೊತ್ತು ದುಡಿಯಿತು. ಆಮೇಲೆ ಮೂವತ್ತು ವರ್ಷ ಕೊಟ್ಟಿಗೆ ಪಕ್ಕದ ತಗಡಿನ ಶೆಡ್ಡಿನಲ್ಲಿ ನಿಂತಿತು. ನನ್ನ ಹತ್ತಿರ ಬರುವುದಕ್ಕೆ ಮೂರು ವರ್ಷ ಮೊದಲು ಗೌಡ್ರು ಎಂಜಿನ್ ಬಿಚ್ಚಿಸಿ ಸರಿ ಮಾಡಿಸಿದರು. ಎಂಜಿನ್ ಕೆಲಸ ಚೊಕ್ಕಟವಾಗಿತ್ತು. ತೊಂದರೆ ಇದ್ದದ್ದು ಕರೆಂಟಿನಲ್ಲಿ.

ಅವರು ಹೇಳಿದ ದೂರುಗಳು ಇವು. ರಾತ್ರಿ ಟರ್ಮಿನಲ್ ತೆಗೆಯದೇ ಬಿಟ್ಟರೆ ಬೆಳಿಗ್ಗೆ ಬ್ಯಾಟರಿ ಸತ್ತಿರುತ್ತದೆ. ಹಾಗಾಗಿ ಗೌಡ್ರ ಜೇಬಿನಲ್ಲಿ ಯಾವಾಗಲೂ ಒಂದು ಪಾನಾ (ಸ್ಪ್ಯಾನರ್) ಇರುತ್ತಿತ್ತು. ಹೊಸ ಬ್ಯಾಟರಿ ಇದ್ದರೂ ಸೆಲ್ಫ್ ನರಳುತ್ತದೆ, ಕೊನೆಗೆ ಹ್ಯಾಂಡಲ್ ಹೊಡೆದೇ ಚಾಲೂ ಮಾಡಬೇಕು. ಹೆಡ್‌ಲೈಟ್ ಚಿಮಣಿ ಬುಡ್ಡಿ ಥರ. ಪೆಟ್ರೋಲ್ ಮುಳ್ಳು ಟ್ಯಾಂಕ್ ಖಾಲಿ ಇದ್ದರೂ ಫುಲ್. ಎಲ್ಲಕ್ಕಿಂತ ಜಾಸ್ತಿ ತಲೆ ತಿಂದದ್ದು, ಬ್ಯಾಟರಿಗೆ ಕರೆಂಟ್ ತುಂಬುತ್ತಿದೆಯೋ ಖಾಲಿಯಾಗುತ್ತಿದೆಯೋ ಅಂತ ಹೇಳುವ ಆಂಪಿಯರ್ ಮೀಟರ್: ಎಂಜಿನ್ ಓಡುವಾಗ ಡಿಸ್ಚಾರ್ಜ್ ತೋರಿಸುತ್ತದೆ. ಅದನ್ನು ನಂಬಿ ಹಿಂದೆ ಕೈ ಹಾಕಿದವರು ಡೈನಮೋ ಬ್ರಷ್ ಎರಡು ಸಲ ಬದಲಿಸಿದ್ದರು. ಬ್ಯಾಟರಿಯೂ ಎರಡು ಹೋಗಿತ್ತು. ಕೊನೆಗೆ ಎಲ್ಲರೂ ಒಂದೇ ಮಾತು ಹೇಳಿದ್ದರು: ಹನ್ನೆರಡು ಮಾಡಿಸಿ, ಡೈನಮೋ ಬದಲು ಆಲ್ಟರ್ನೇಟರ್ ಕೂರಿಸಿ.

ನಾನೂ ಮೊದಲ ಎರಡು ದಿನ ಆ ಮೀಟರನ್ನೇ ನಂಬಿದೆ. ಡೈನಮೋ ಇಳಿಸಿದೆ. ಬ್ಯಾಟರಿ ಕೊಟ್ಟು ಮೋಟಾರಿನ ಥರ ಓಡಿಸಿ ನೋಡಿದೆ. ಡೈನಮೋ ಸರಿ ಇದೆಯಾ ಅಂತ ತಿಳಿಯಲು ಇದು ಹಳೇ ಮತ್ತು ಒಳ್ಳೆಯ ದಾರಿ, ಕರೆಂಟ್ ಕೊಟ್ಟರೆ ಅದು ತಾನೇ ತಿರುಗಬೇಕು. ತಿರುಗಿತು. ಸ್ವಲ್ಪ ಮಂದ, ಆದರೆ ತಿರುಗಿತು. ಹಾಗಾದರೆ ಚಾರ್ಜ್ ಯಾಕೆ ಮಾಡುತ್ತಿಲ್ಲ?

ಮೂರನೇ ದಿನ ಗೌಡ್ರ ಶೆಡ್ಡಿನಲ್ಲೇ ಕೂತು ಗಾಡಿ ಸುಮ್ನೆ ನೋಡುತ್ತಿದ್ದೆ. ಡೈನಮೋ ವಾಪಸ್ ಕೂರಿಸಿ, ಟರ್ಮಿನಲ್ ಹಾಕಿ ಅರ್ಧ ಗಂಟೆ ಆಗಿತ್ತು. ಎಂಜಿನ್ ಚಾಲೂ ಮಾಡಿರಲೇ ಇಲ್ಲ. ಬೆಲ್ಟ್ ಬಿಗಿ ಇದೆಯಾ ಅಂತ ಬಗ್ಗಿದಾಗ ಅಂಗೈ ಡೈನಮೋ ಮೈಗೆ ತಗುಲಿತು. ಬೆಚ್ಚಗಿತ್ತು. ಎಂಜಿನ್ ಬ್ಲಾಕ್ ಮುಟ್ಟಿದೆ, ಕಲ್ಲಿನ ಥರ ತಣ್ಣಗೆ. ಮಳೆಗಾಲದ ಬೆಳಿಗ್ಗೆ, ಓಡದ ಗಾಡಿಯ ಡೈನಮೋ ಬೆಚ್ಚಗಿರಲು ಒಂದೇ ಕಾರಣ. ಬ್ಯಾಟರಿಯಿಂದ ಅದರೊಳಕ್ಕೆ ಕರೆಂಟ್ ಹರಿಯುತ್ತಿದೆ. ಅದು ಮೋಟಾರಾಗಿ ತಿರುಗಲು ನೋಡುತ್ತಿದೆ, ಬೆಲ್ಟ್ ಹಿಡಿದುಕೊಂಡಿದೆ.

ಕ್ಯಾಬಿನ್ನಿಗೆ ಹತ್ತಿ ಮೀಟರ್ ನೋಡಿದೆ. ಮುಳ್ಳು ಚಾರ್ಜ್ ಕಡೆಗೆ ವಾಲಿತ್ತು. ಎಂಜಿನ್ ನಿಂತಿದೆ, ಮೀಟರ್ ಚಾರ್ಜ್ ಅನ್ನುತ್ತಿದೆ! ಹೆಡ್‌ಲೈಟ್ ಹಾಕಿದೆ. ಮುಳ್ಳು ಚಾರ್ಜ್ ಕಡೆಗೇ ಇನ್ನೂ ಮೇಲೆ ಹೋಯಿತು. ಲೈಟ್ ಹಾಕಿದರೆ ಬ್ಯಾಟರಿ ತುಂಬುತ್ತದೆಯೇ?

ಅಲ್ಲಿಗೆ ಗಂಟು ಬಿಚ್ಚಿತು. ಬ್ಯಾಟರಿಯನ್ನು ಉಲ್ಟಾ ಕೂರಿಸಿದ್ದರು. ಪ್ಲಸ್ ಚಾಸಿಗೆ, ಮೈನಸ್ ಸೆಲ್ಫ್ ಕಡೆಗೆ.

ಇದನ್ನು ಮಾಡಿದವರನ್ನು ನಾನು ಬೈಯುವುದಿಲ್ಲ. ಆ ಕಾಲದ ಎಷ್ಟೋ ಗಾಡಿಗಳಲ್ಲಿ ಪ್ಲಸ್ಸೇ ಅರ್ಥ್, ಅಂದರೆ ಚಾಸಿಗೆ ಸೇರುವುದು ಪ್ಲಸ್. ಇದೇ ಸಾಲಿನ ಕೆನಡಾ ಟ್ರಕ್ಕುಗಳಲ್ಲಿ ಫೋರ್ಡ್ ಮಾಡಿದ್ದು ಪ್ಲಸ್ ಅರ್ಥ್, ಷೆವರ್ಲೆ ಮಾಡಿದ್ದು ಮೈನಸ್ ಅರ್ಥ್. ಹೊರಗಿನ ಮುಖ ಎರಡರದ್ದೂ ಬಹುತೇಕ ಒಂದೇ ಥರ. ಒಂದನ್ನು ಕಂಡವನು ಇನ್ನೊಂದಕ್ಕೂ ಹಾಗೇ ಹಾಕಬಹುದು. ಹಾಕಿದರೂ ಬಲ್ಬು ಉರಿಯುತ್ತದೆ, ಸೆಲ್ಫ್ ಸರಿಯಾದ ದಿಕ್ಕಿಗೇ ತಿರುಗುತ್ತದೆ, ಎಂಜಿನ್ನೂ ಹತ್ತುತ್ತದೆ. ಪ್ಲಗ್ಗಿನ ಕಿಡಿ ಸ್ವಲ್ಪ ಸೊರಗುತ್ತದೆ, ಅಷ್ಟೇ. ಅದಕ್ಕೇ ಯಾರಿಗೂ ಅನುಮಾನ ಬರಲಿಲ್ಲ.

ಕೆಟ್ಟದ್ದು ಆದದ್ದು ಕಟೌಟ್‌ನಲ್ಲಿ. ಡೈನಮೋ ಮತ್ತು ಬ್ಯಾಟರಿ ನಡುವೆ ಕಟೌಟ್ ಒಂದು ಬಾಗಿಲು ಇದ್ದ ಹಾಗೆ. ಡೈನಮೋ ವೋಲ್ಟ್ ಬ್ಯಾಟರಿಗಿಂತ ಮೇಲೆ ಏರಿದಾಗ, ಅಂದರೆ ಸುಮಾರು ಆರೂವರೆ ವೋಲ್ಟಿಗೆ ಬಂದಾಗ, ಪಾಯಿಂಟ್ ಕೂಡುತ್ತದೆ. ಎಂಜಿನ್ ನಿಂತಾಗ ಬಿಡುತ್ತದೆ. ಡೈನಮೋ ಒಳಗಿನ ಕಬ್ಬಿಣದಲ್ಲಿ ಸ್ವಲ್ಪ ಅಯಸ್ಕಾಂತ ಗುಣ ಉಳಿದಿರುತ್ತದೆ. ಪ್ಲಸ್ ಯಾವ ಕಡೆ, ಮೈನಸ್ ಯಾವ ಕಡೆ ಅನ್ನುವುದನ್ನು ಅದೇ ತೀರ್ಮಾನಿಸುತ್ತದೆ. ಬ್ಯಾಟರಿ ಉಲ್ಟಾ ಕೂತ ದಿನ ಡೈನಮೋ ಇನ್ನೂ ಹಳೇ ದಿಕ್ಕಿನಲ್ಲೇ ಇತ್ತು. ಎಂಜಿನ್ ಏರುತ್ತಲೇ ಪಾಯಿಂಟ್ ಕೂಡಿತು. ಆಗ ಎರಡರ ವೋಲ್ಟ್ ಒಂದಕ್ಕೊಂದು ಎದುರಾಗುವ ಬದಲು ಒಟ್ಟುಗೂಡಿ ಭಾರೀ ಕರೆಂಟ್ ಹರಿಯಿತು, ಪಾಯಿಂಟ್ ಬೆಸೆದುಕೊಂಡಿತು. ಮುಚ್ಚಳ ತೆಗೆದಾಗ ಕಣ್ಣಿಗೇ ಕಂಡಿತು: ಎರಡು ಪಾಯಿಂಟುಗಳ ನಡುವೆ ರಾಗಿಕಾಳಿನಷ್ಟು ಕರಗಿದ ಲೋಹ.

ಬಾಗಿಲು ಮುಚ್ಚಲಾರದೆ ಹೋಯಿತು. ಬ್ಯಾಟರಿ ಕರೆಂಟು ಡೈನಮೋ ಒಳಗೇ ಹರಿದು ಅದರ ಅಯಸ್ಕಾಂತವನ್ನೂ ತನ್ನ ದಿಕ್ಕಿಗೆ ತಿರುಗಿಸಿಕೊಂಡಿತು. ಹಾಗಾಗಿ ಓಡುವಾಗ ಡೈನಮೋ ಚಾರ್ಜ್ ಮಾಡುತ್ತಲೇ ಇತ್ತು. ಬ್ಯಾಟರಿ ಉಲ್ಟಾ ಇದ್ದದ್ದರಿಂದ ಮೀಟರ್ ಅದನ್ನು ಡಿಸ್ಚಾರ್ಜ್ ಅಂತ ತೋರಿಸಿತು. ಎಂಜಿನ್ ನಿಂತ ಮೇಲೆ ಬ್ಯಾಟರಿ ಸೋರುತ್ತಿತ್ತು, ಆಗ ಮೀಟರ್ ಚಾರ್ಜ್ ಅಂದಿತು. ಓಡುವಾಗ ಎಲ್ಲರೂ ಮೀಟರ್ ನೋಡಿದರು, ಡೈನಮೋ ಬಿಚ್ಚಿದರು. ನಿಂತಾಗ ಯಾರೂ ಮೀಟರ್ ನೋಡಲಿಲ್ಲ. ಮೂರು ವರ್ಷ ಗಾಡಿ ನಿಜವನ್ನೇ ಹೇಳುತ್ತಿತ್ತು, ಕನ್ನಡಿಯಲ್ಲಿ ಬರೆದ ಅಕ್ಷರದ ಹಾಗೆ.

ಇದನ್ನು ಸರಿ ಮಾಡುವಾಗ ಕ್ರಮ ತಪ್ಪಬಾರದು. ಬರೀ ಬ್ಯಾಟರಿ ತಿರುಗಿಸಿ ಹಾಕಿದರೆ ಮತ್ತೆ ಅದೇ ಅನಾಹುತ. ಮೊದಲು ಬ್ಯಾಟರಿ ಪೂರ್ತಿ ತೆಗೆದೆ. ಕಟೌಟ್ ಪಾಯಿಂಟ್ ಬಿಡಿಸಿ, ಸಣ್ಣ ಅರದಿಂದ ಸಮ ಮಾಡಿದೆ. ಪಾಲಿಶ್ ಪೇಪರ್ ಬಳಸಬಾರದು, ಅದರ ಹರಳು ಪಾಯಿಂಟಿನಲ್ಲಿ ಕೂತು ಮತ್ತೆ ಸುಡುತ್ತದೆ.

ಡೈನಮೋ ಮಂದ ತಿರುಗಿದ್ದು ಮನಸ್ಸಿನಲ್ಲಿ ಕೊರೆಯುತ್ತಿತ್ತು. ಹುಬ್ಬಳ್ಳಿಯಲ್ಲಿ ಪಂಪ್‌ಸೆಟ್ ಮೋಟಾರ್ ಸುತ್ತುವ ಅಂಗಡಿಗೆ ಡೈನಮೋ ಒಳಗೆ ತಿರುಗುವ ಆರ್ಮೇಚರ್ ಒಯ್ದೆ. ಸುತ್ತು ಪರೀಕ್ಷಿಸುವ ಗ್ರೌಲರ್ ಮೇಲಿಟ್ಟು, ಹ್ಯಾಕ್ಸಾ ಬ್ಲೇಡ್ ಹಿಡಿದು ಒಂದೊಂದೇ ಕಚ್ಚು ತಿರುಗಿಸಿದೆವು. ಒಂದು ಕಡೆ ಬ್ಲೇಡ್ ಜೇನುಹುಳದ ಥರ ಗುಂಯ್‌ಗುಟ್ಟಿತು. ಅಲ್ಲಿ ಸುತ್ತು ಒಂದಕ್ಕೊಂದು ಸೇರಿದೆ ಅಂತ ಅರ್ಥ. ರಾತ್ರಿಯೆಲ್ಲ ಕಾದು ಕಾದು ವಾರ್ನಿಷ್ ಸುಟ್ಟಿತ್ತು. ಹೊಸದಾಗಿ ಸುತ್ತಿಸಿದೆ. ಬ್ರಷ್ ಉಜ್ಜುವ ತಾಮ್ರದ ಪಟ್ಟಿಗಳ ಕಮ್ಯುಟೇಟರನ್ನು ಲೇತಿಗೆ ಹಾಕಿಸಿ, ಪಟ್ಟಿಗಳ ನಡುವಿನ ಅಭ್ರಕವನ್ನು ಮುಕ್ಕಾಲು ಮಿಲಿಮೀಟರಿನಷ್ಟು ಕೆಳಗೆ ಕೆರೆದೆ. ತಾಮ್ರ ಸವೆದರೂ ಅಭ್ರಕ ಸವೆಯುವುದಿಲ್ಲ. ಅದು ಮೇಲೆ ಎದ್ದರೆ ಬ್ರಷ್ ಕುಣಿಯುತ್ತದೆ. ಈ ಕೆಲಸಕ್ಕೆ ಒಂದು ಮಧ್ಯಾಹ್ನ ಪೂರ್ತಿ ಹೋಯಿತು. ನನಗೆ ಬಹಳ ಸಮಾಧಾನ ಕೊಟ್ಟ ಮಧ್ಯಾಹ್ನ ಅದು.

ಎಲ್ಲ ಕೂರಿಸಿ ಮೈನಸ್ಸನ್ನು ಚಾಸಿಗೆ ಕೊಟ್ಟೆ. ಎಂಜಿನ್ ಚಾಲೂ ಮಾಡುವ ಮೊದಲೇ ಕಟೌಟ್‌ನ ಬ್ಯಾಟರಿ ಟರ್ಮಿನಲ್‌ಗೂ ಡೈನಮೋ ಟರ್ಮಿನಲ್‌ಗೂ ಒಂದು ತುಂಡು ವೈರ್ ಚಕ್ಕಂತ ಮುಟ್ಟಿಸಿ ತೆಗೆದೆ. ಒಂದು ಸಣ್ಣ ಕಿಡಿ. ಡೈನಮೋ ಅಯಸ್ಕಾಂತ ಸರಿಯಾದ ದಿಕ್ಕಿಗೆ ಬಂತು. ಫೀಲ್ಡ್ ಸುತ್ತಿನ (ಡೈನಮೋಗೆ ಅಯಸ್ಕಾಂತ ಬಲ ಕೊಡುವ ಸುತ್ತು) ತುದಿ, ವೋಲ್ಟನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಮೂಲಕ ಅರ್ಥ್ ಆಗುವ ಇಂಥ ಡೈನಮೋಗೆ ಮಾತ್ರ ಈ ಕ್ರಮ. ಫೀಲ್ಡಿಗೆ ಕರೆಂಟ್ ರೆಗ್ಯುಲೇಟರಿನಿಂದ ಬರುವ ಬೇರೆ ಥರದ್ದಕ್ಕೆ ಹೀಗೆ ಮಾಡಬೇಡಿ. ಆಮೇಲೆ ಎಂಜಿನ್ ಓಡಿಸಿ ರೆಗ್ಯುಲೇಟರನ್ನು 7.3 ವೋಲ್ಟಿಗೆ ಕೂರಿಸಿದೆ.

ಇನ್ನು ಸೆಲ್ಫ್. ಆರು ವೋಲ್ಟಿಗೆ ಶಕ್ತಿ ಸಾಲದು ಅನ್ನುವ ಮಾತು ಹುಟ್ಟಿದ್ದೇ ಇಲ್ಲಿ. 35 ವಾಟಿನ ಹೆಡ್‌ಲೈಟ್ ಬಲ್ಬ್ 12 ವೋಲ್ಟಿನಲ್ಲಿ ಸುಮಾರು 3 ಆಂಪಿಯರ್ ಎಳೆದರೆ ಆರರಲ್ಲಿ ಸುಮಾರು 6 ಎಳೆಯುತ್ತದೆ. ಸೆಲ್ಫೂ ಹಾಗೇ. ಕರೆಂಟ್ ಎರಡು ಪಟ್ಟಾದರೆ ಅದೇ ವೈರಿನಲ್ಲಿ ಕಳೆದುಹೋಗುವ ವೋಲ್ಟೂ ಎರಡು ಪಟ್ಟು. ಇರುವುದೇ ಆರು, ಅದರಲ್ಲಿ ಒಂದು ಹೋದರೆ ಉಳಿದದ್ದು ಐದು. ಆದ್ದರಿಂದ ಆರು ವೋಲ್ಟಿನ ಗಾಡಿಗೆ ದಪ್ಪ ಕೇಬಲ್, ಬೆಳ್ಳಿಯಂಥ ಜಾಯಿಂಟ್ ಬೇಕು. ಬೇರೇನೂ ಬೇಡ.

ಹುಡುಗನನ್ನು ಕ್ಯಾಬಿನ್ನಿನಲ್ಲಿ ಕೂರಿಸಿ, ಎಂಜಿನ್ ಹತ್ತದಂತೆ ಕಾಯಿಲ್ ವೈರ್ ತೆಗೆದು, "ತಮ್ಮಾ, ತುಳಿ" ಅಂದೆ. ಈ ಗಾಡಿಯ ಸೆಲ್ಫ್ ಸ್ವಿಚ್ ಕಾಲಲ್ಲಿ ತುಳಿಯುವಂಥದ್ದು. ಬ್ಯಾಟರಿಯ ಎರಡು ಕಂಬದ ಮೇಲೆ 5.2 ವೋಲ್ಟ್ ಇತ್ತು. ಸೆಲ್ಫ್ ಹತ್ತಿರ ಬರೀ 3.4. ನಡುವೆ 1.8 ವೋಲ್ಟ್ ಎಲ್ಲಿ ಹೋಯಿತು? ವೋಲ್ಟ್ ಮೀಟರಿನ ಎರಡು ಕಡ್ಡಿಗಳನ್ನು ಒಂದೊಂದು ಜಾಯಿಂಟಿನ ಆಚೆ ಈಚೆ ಇಟ್ಟು, ಒಂದೊಂದು ಸಲ ತುಳಿಸಿದೆ. ಬ್ಯಾಟರಿ ಕಂಬ ಮತ್ತು ಕೇಬಲ್ ತುದಿಯ ಲಗ್ ನಡುವೆ 0.1. ಸೆಲ್ಫ್ ಕೇಬಲ್ 0.5. ತುಳಿಯುವ ಸ್ವಿಚ್ 0.3. ಚಾಸಿ ಮತ್ತು ಬ್ಯಾಟರಿ ಮೈನಸ್ ನಡುವೆ 0.2. ಎಂಜಿನ್ನಿನಿಂದ ಚಾಸಿಗೆ 0.7! ಎಲ್ಲರೂ ಪ್ಲಸ್ ಕಡೆ ಹುಡುಕಿದ್ದರು, ಅರ್ಧದಷ್ಟು ಕಳುವಾದದ್ದು ಅರ್ಥ್ ಕಡೆ.

ಎಂಜಿನ್ ಕೂತಿರುವುದು ರಬ್ಬರ್ ಮೇಲೆ. ಚಾಸಿಗೂ ಅದಕ್ಕೂ ಕರೆಂಟಿನ ಸಂಬಂಧ ಬರುವುದು ಹೆಣೆದ ತಾಮ್ರದ ಪಟ್ಟಿಯಿಂದ. ಪಟ್ಟಿ ಇತ್ತು, ಆದರೆ ಹೊಸ ಬಣ್ಣ ಹೊಡೆದ ಮೇಲೆ ಬಣ್ಣದ ಮೇಲೇ ಬೋಲ್ಟ್ ಬಿಗಿದಿದ್ದರು. ಹತ್ತು ಸಲ ತುಳಿದ ಮೇಲೆ ಚೋಕ್ ಕೇಬಲ್ ಮುಟ್ಟಿ ನೋಡಿದೆ, ಅದೂ ಬೆಚ್ಚಗೆ. ದಾರಿ ಸಿಗದ ಕರೆಂಟ್ ಚೋಕ್ ಕೇಬಲ್ ಹಿಡಿದು ಮನೆಗೆ ಹೋಗುತ್ತಿತ್ತು.

ಇದರಲ್ಲಿ ಒಂದು ಬೇಸರದ ಸಂಗತಿ ಇದೆ. ಮಿಲಿಟರಿ ಗಾಡಿಗಳಲ್ಲಿ ವೈರ್‌ಲೆಸ್ ಸೆಟ್ಟಿಗೆ ಗರಗರ ಶಬ್ದ ಬರಬಾರದು ಅಂತ ಬಾನೆಟ್, ಮಡ್‌ಗಾರ್ಡ್, ಎಂಜಿನ್ನಿಗೆಲ್ಲ ಇಂಥ ಹೆಣಿಗೆ ಪಟ್ಟಿ ಕಟ್ಟಿ, ಬಣ್ಣ ಸೀಳಿ ಲೋಹಕ್ಕೆ ಕಚ್ಚುವ ಹಲ್ಲು ವಾಷರ್ ಹಾಕುತ್ತಿದ್ದರು. ರೇಡಿಯೋ ಇಲ್ಲದ ಹಳ್ಳಿ ಗಾಡಿಗೆ ಇದೆಲ್ಲ ಯಾಕೆ ಅಂತ ಯಾರೋ ಕಿತ್ತೆಸೆದಿದ್ದರು. ಅದೇ ಪಟ್ಟಿ, ಅದೇ ವಾಷರ್ ಈ ಗಾಡಿಯ ಅರ್ಥನ್ನೂ ಕಾಯುತ್ತಿದ್ದವು.

ಸೆಲ್ಫಿಗೆ ಇದ್ದದ್ದು 25 ಚದರ ಮಿಲಿಮೀಟರಿನ ಕೇಬಲ್. 12 ವೋಲ್ಟಿನ ಸಣ್ಣ ಗಾಡಿಗೆ ಸಾಕು. ಇದಕ್ಕೆ 70 ಹಾಕಿದೆ, ಎರಡೂ ಕಡೆ. ಲಗ್ ಒತ್ತಿದ ಮೇಲೆ ಸೀಸವನ್ನೂ ಕುಡಿಸಿದೆ. ತುಳಿಯುವ ಸ್ವಿಚ್ಚಿನ ಒಳಗೆ ಸುಟ್ಟ ತಾಮ್ರದ ಬಿಲ್ಲೆ ಇತ್ತು, ಅದನ್ನು ಮಗುಚಿ ಹೊಸ ಮುಖ ಮುಂದೆ ಮಾಡಿದೆ. ಪ್ರತಿ ಅರ್ಥ್ ಜಾಗದಲ್ಲಿ ಬಣ್ಣ ಕೆರೆದು, ಹಲ್ಲು ವಾಷರ್ ಹಾಕಿ, ಬಿಗಿದ ಮೇಲೆ ವ್ಯಾಸಲೀನ್ ಸವರಿದೆ. ಮತ್ತೆ ತುಳಿಸಿದಾಗ ಬ್ಯಾಟರಿ ಮೇಲೆ 5.3, ಸೆಲ್ಫ್ ಮೇಲೆ 4.9. ಶಬ್ದವೇ ಬೇರೆ. ಶೆಡ್ಡಿನ ಹೊರಗಿದ್ದ ಗೌಡ್ರು ಒಳಗೆ ಓಡಿ ಬಂದರು.

"ಹನ್ನೆರಡು ಹಾಕಿದ್ಯೇನೋ?"

"ಇಲ್ರಿ ಗೌಡ್ರ, ಆರs ಐತ್ರಿ."

ವೈರಿಂಗ್ ಪೂರ್ತಿ ಹೊಸದು ಮಾಡಿದೆವು. ಹಳೆಯದು ರಬ್ಬರ್ ಮೇಲೆ ಹತ್ತಿ ನೂಲಿನ ಹೆಣಿಗೆ. ಒಳಗಿನ ರಬ್ಬರ್ ಒಣಗಿ ಹುರಿದ ಹಪ್ಪಳವಾಗಿತ್ತು, ಬಗ್ಗಿಸಿದರೆ ಉದುರುತ್ತಿತ್ತು. ಎರಡು ಕಡೆ ಇಲಿ ಕಡಿದಿತ್ತು. ಒಂದೇ ಒಂದು ವೈರ್ ಕೀಳುವ ಮೊದಲು ಎಲ್ಲಕ್ಕೂ ನಂಬರ್ ಚೀಟಿ ಕಟ್ಟಿ, ಮೊಬೈಲಿನಲ್ಲಿ ಫೋಟೋ ತೆಗೆದು, ಹಳೇ ಕ್ಯಾಲೆಂಡರಿನ ಹಿಂಬದಿಯಲ್ಲಿ ನಕ್ಷೆ ಬರೆದೆ. ಕೊಳೆ ತುಂಬಿದ ನೂಲನ್ನು ಸೀಮೆಎಣ್ಣೆ ಬಟ್ಟೆಯಿಂದ ಮೆಲ್ಲಗೆ ಒರೆಸಿದರೆ ಒಳಗಿನ ಬಣ್ಣದ ಎಳೆ ಕಾಣುತ್ತದೆ. ಹೊಸ ವೈರ್ ಪಿವಿಸಿ ಹೊದಿಕೆಯದ್ದು, ಮೇಲೆ ಹತ್ತಿ ಟೇಪ್ ಸುತ್ತಿ ವಾರ್ನಿಷ್ ಬಳಿದೆ. ಹೆಡ್‌ಲೈಟಿಗೆ 4, ಡೈನಮೋದಿಂದ ಮೀಟರಿಗೆ 10 ಚದರ ಮಿಲಿಮೀಟರ್. ಮೂಲದಲ್ಲಿ ಇಲ್ಲದ ಒಂದನ್ನು ಬೇಕಂತಲೇ ಸೇರಿಸಿದೆ. ಸೆಲ್ಫ್ ಬಿಟ್ಟು ಉಳಿದ ಎಲ್ಲಕ್ಕೂ ಬ್ಯಾಟರಿ ಪಕ್ಕದಲ್ಲೇ 40 ಆಂಪಿಯರಿನ ಫ್ಯೂಸ್. ಹಳೆಯದನ್ನು ಹಳೆಯದಾಗಿಯೇ ಉಳಿಸಬೇಕು ಅನ್ನುವವರು ಇದನ್ನು ಒಪ್ಪಲಿಕ್ಕಿಲ್ಲ. ಹುಲ್ಲಿನ ಬಣವೆ ಪಕ್ಕ ನಿಲ್ಲುವ ಗಾಡಿಗೆ ಫ್ಯೂಸ್ ಬೇಡ ಅಂತ ನನ್ನ ಬಾಯಲ್ಲಿ ಬರುವುದಿಲ್ಲ.

ಹೆಡ್‌ಲೈಟ್ ಬಲ್ಬಿನ ಬುಡದಲ್ಲಿ ಮೊದಲು 4.6 ವೋಲ್ಟ್ ಬರುತ್ತಿತ್ತು, ಈಗ ಎಂಜಿನ್ ನಿಂತಿದ್ದರೂ 5.9. ಬಲ್ಬಿನ ವೋಲ್ಟ್ ಕಾಲು ಭಾಗ ಇಳಿದರೆ ಬೆಳಕು ಅರ್ಧಕ್ಕಿಂತ ಕೆಳಗೆ ಹೋಗುತ್ತದೆ. ಚಿಮಣಿ ಬುಡ್ಡಿಯ ರಹಸ್ಯ ಇಷ್ಟೇ. ಪೆಟ್ರೋಲ್ ಮುಳ್ಳಿನದ್ದೂ ಅರ್ಥೇ. ಟ್ಯಾಂಕಿನ ಒಳಗಿನ ತೇಲುಬುರುಡೆ ಖಾಲಿಯಾದಾಗ 0 ಓಮ್, ತುಂಬಿದಾಗ ಸುಮಾರು 30 ಓಮ್ ತೋರಿಸುತ್ತದೆ. ಅದರ ಅರ್ಥ್ ಕಡಿದರೆ ಮುಳ್ಳು ಫುಲ್ ದಾಟಿ ಕೂರುತ್ತದೆ. ಟ್ಯಾಂಕಿಗೆ ಒಂದು ಅರ್ಥ್ ವೈರ್ ಕೊಟ್ಟೆ, ಮುಳ್ಳು ಇಳಿಯಿತು.

ಒಂದು ವೈರ್ ಮಾತ್ರ ಎಲ್ಲಿಗೆ ಅಂತ ತಿಳಿಯಲಿಲ್ಲ. ಚಾಸಿ ಗುಂಟ ಹಿಂದಕ್ಕೆ ಹೋಗಿ, ಹಿಂದಿನ ಆಕ್ಸಲ್ ಮೇಲೆ ತುಂಡಾಗಿ ನೇತಾಡುತ್ತಿತ್ತು. ಪಕ್ಕದಲ್ಲಿ ಒಂದು ಸಣ್ಣ ತಗಡಿನ ಗೂಡು, ಒಳಗೆ ತುಕ್ಕು ಹಿಡಿದ ಹೋಲ್ಡರ್. ಅದು ಕಾನ್ವಾಯ್ ಲ್ಯಾಂಪ್. ಯುದ್ಧದ ರಾತ್ರಿಗಳಲ್ಲಿ ಲೈಟ್ ಹಾಕುವಂತಿರಲಿಲ್ಲ. ಹಿಂದಿನ ಆಕ್ಸಲ್ ನಡುವಿನ ಗುಂಡನೆಯ ಡಿಫರೆನ್ಷಿಯಲ್‌ಗೆ ಬಿಳಿ ಬಣ್ಣ ಬಳಿದು, ಅದರ ಮೇಲೆ ಮಾತ್ರ ಬೀಳುವಂತೆ ಒಂದು ಪುಟ್ಟ ಬಲ್ಬ್ ಇಡುತ್ತಿದ್ದರು. ಹಿಂದೆ ಬರುವ ಡ್ರೈವರ್ ಆ ಬಿಳಿ ಗುಂಡನ್ನೇ ನೋಡುತ್ತಾ ಗಾಡಿ ಓಡಿಸಬೇಕು. ಮೇಲಿನಿಂದ ಯಾರಿಗೂ ಕಾಣುವುದಿಲ್ಲ. ಗ್ರೀಸ್ ಮತ್ತು ಎರೆ ಮಣ್ಣು ಕೆರೆದಾಗ ಡಿಫರೆನ್ಷಿಯಲ್ ಮೇಲೆ ಹಳೇ ಬಿಳಿ ಬಣ್ಣದ ಚೂರು ಇನ್ನೂ ಇತ್ತು. ಗೌಡ್ರು ಅದನ್ನು ಬೆರಳಿನಿಂದ ಸವರಿ ನೋಡಿದರು. ಇಷ್ಟು ವರ್ಷ ಮನೆಯಲ್ಲಿದ್ದ ಗಾಡಿಯಲ್ಲಿ ಇದನ್ನು ಅವರು ನೋಡಿದ್ದು ಅದೇ ಮೊದಲು. ಹೊಸ ಹೋಲ್ಡರ್, 3 ವಾಟಿನ ಬಲ್ಬ್, ಮೇಲೆ ಬಿಳಿ ಬಣ್ಣ. ಕೆಲಸಕ್ಕೆ ಬೇಕಿಲ್ಲದಿದ್ದರೂ ಮಾಡಿದೆ.

ಖಂಡೇ ಪೂಜೆಯ ದಿನ ಗಾಡಿಗೆ ಹೂ, ಕುಂಬಳಕಾಯಿ ಎಲ್ಲ ಆಯಿತು. ಸಂಜೆ ಗೌಡ್ರು ಊರಿಂದ ಗದಗ ರೋಡಿನವರೆಗೆ ಓಡಿಸಿಕೊಂಡು ಬಂದರು. ನಾನು ಹುಡುಗನನ್ನು ಹಿಂದೆ ಕೂರಿಸಿಕೊಂಡು ಬೈಕಿನಲ್ಲಿ ಹಿಂಬಾಲಿಸಿದೆ. ಹೊಲದ ದಾರಿಯಲ್ಲಿ ಯಾವ ಗಾಡಿಯೂ ಇಲ್ಲದ ಕಡೆ ಒಂದು ನಿಮಿಷ ಅವರು ಕಾನ್ವಾಯ್ ಲ್ಯಾಂಪ್ ಒಂದನ್ನೇ ಉಳಿಸಿದರು. ಕತ್ತಲಲ್ಲಿ ತಟ್ಟೆಯಷ್ಟು ಬಿಳಿ ಗುಂಡು, ನೆಲದಿಂದ ಎರಡು ಅಡಿ ಮೇಲೆ, ಅಲುಗಾಡುತ್ತಾ ಮುಂದೆ ಹೋಗುತ್ತಿತ್ತು.

ರಾತ್ರಿ ಶೆಡ್ಡಿನಲ್ಲಿ ಎಂಜಿನ್ ಆರಿಸಿದ ಮೇಲೆ ಗೌಡ್ರ ಕೈ ಜೇಬಿನ ಪಾನಾ ಕಡೆ ಹೋಯಿತು. "ಬ್ಯಾಡ್ರಿ, ಇವತ್ತ ಹಂಗs ಬಿಡ್ರಿ" ಅಂದೆ. ಮೀಟರ್ ಮುಳ್ಳು ನಟ್ಟನಡುವೆ ನಿಂತಿತ್ತು. ಅವರು ಟಾರ್ಚ್ ಹಾಕಿ ಮುಳ್ಳನ್ನು ಬಹಳ ಹೊತ್ತು ನೋಡಿದರು.

ಮರುದಿನ ಬೆಳಿಗ್ಗೆ ಆರಕ್ಕೇ ಫೋನ್. ಆಚೆಯಿಂದ ಮಾತಿಗಿಂತ ಮೊದಲು ಎಂಜಿನ್ ಶಬ್ದ ಕೇಳಿತು.

"ಟರ್ಮಿನಲ್ ತೆಗೆದಿದ್ದಿಲ್ಲ ಮಿಸ್ತ್ರಿ. ಒಂದs ತುಳಿತಕ್ಕ ಹತ್ತಿತು."